ಮೊದಲು ಟಿಪ್ ನೋಡಿ, ಆಮೇಲೆ ಡ್ಯಾಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಫೋನಿಗೆ ಸಿಕ್ಕಿಸುವ ಪುಟ್ಟ ಡ್ಯಾಕ್, ಕಿವಿಯೊಳಗೆ ಕೂರುವ ಐಇಎಂ ಬಗ್ಗೆ ಈ ಸಲ ರಾಶಿ ಪತ್ರಗಳು ಬಂದಿವೆ. ಹೊಸಬರಿಗಾಗಿ ಎರಡು ಮಾತು. ಹಾಡಿನ ಫೈಲಿನಲ್ಲಿರುವ ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಬದಲಾಯಿಸುವುದು ಡ್ಯಾಕ್‌ನ ಕೆಲಸ. ಬೆರಳುದ್ದದ ಡಾಂಗಲ್‌ಗಳಲ್ಲಿ ಅದರ ಜೊತೆಗೇ ಪುಟ್ಟ ಆಂಪ್ಲಿಫೈಯರೂ ಇರುತ್ತದೆ. ಐಇಎಂ ಎಂದರೆ ಇನ್-ಇಯರ್ ಮಾನಿಟರ್. ವೇದಿಕೆಯ ಮೇಲೆ ಹಾಡುವವರು, ನುಡಿಸುವವರು ತಮ್ಮದೇ ಸ್ವರ ಕೇಳಿಸಿಕೊಳ್ಳಲೆಂದು ಬಳಕೆಗೆ ಬಂದದ್ದು, ಈಗ ಎಲ್ಲರ ಕಿವಿಗೂ ಬಂದಿದೆ. ಅದರ ತುದಿಗೆ ಸಿಕ್ಕಿಸುವ ಸಿಲಿಕೋನ್ ಇಲ್ಲವೇ ಫೋಮ್ ಟೊಪ್ಪಿಗೆಯೇ ಟಿಪ್.

ನನ್ನ ಹತ್ತಿರ 3000 ರೂಪಾಯಿ ಇದೆ. ಫೋನಿನಲ್ಲಿ 3.5 ಮಿ.ಮೀ. ತೂತಿಲ್ಲ. ದುಡ್ಡನ್ನು ಡ್ಯಾಕ್‌ಗೆ ಹಾಕಲೋ, ಐಇಎಂಗೆ ಹಾಕಲೋ?
— ಓದುಗರು, ತುಮಕೂರು

ಮೂರರಲ್ಲಿ ಎರಡು ಪಾಲು ಐಇಎಂಗೆ, ಉಳಿದದ್ದು ಡಾಂಗಲ್‌ಗೆ. ಒಂದು ಐಇಎಂಗೂ ಇನ್ನೊಂದಕ್ಕೂ ಬಾಸ್‌ನಲ್ಲಿ, ಟ್ರೆಬಲ್‌ನಲ್ಲಿ ಐದಾರು ಡೆಸಿಬೆಲ್ ವ್ಯತ್ಯಾಸ ಬರುವುದು ಮಾಮೂಲು. ಅದು ಎಂಥ ಕಿವಿಗೂ ಗೊತ್ತಾಗುತ್ತದೆ. ಸರಿಯಾಗಿ ಮಾಡಿದ ಎರಡು ಡಾಂಗಲ್‌ಗಳ ನಡುವೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೂ, ಅಂದರೆ ಕಿವಿಗೆ ಕೇಳುವ ಅತಿ ಕೆಳಗಿನ ಸ್ವರದಿಂದ ಅತಿ ಮೇಲಿನದರವರೆಗೂ, ಅಂತರ ಒಂದು ಡೆಸಿಬೆಲ್‌ನ ಸಣ್ಣ ಭಾಗವಷ್ಟೇ. ಆ್ಯಪಲ್‌ನ ಯುಎಸ್‌ಬಿ-ಸಿ ಅಡಾಪ್ಟರ್‌ನಂಥ ಅಗ್ಗದ ಡಾಂಗಲ್ ಕೂಡ ಸುಮಾರು 1 ವೋಲ್ಟ್ ಕೊಡುತ್ತದೆ, ಐಇಎಂಗೆ ಅದು ಧಾರಾಳ. ಆದರೆ ಇದೇ ಅಡಾಪ್ಟರನ್ನು ಆಂಡ್ರಾಯ್ಡ್ ಫೋನಿಗೆ ಹಾಕಿದಾಗ ಹಲವು ಕಡೆ ಧ್ವನಿ ಕ್ಷೀಣವಾಗಿ ಬರುತ್ತದೆ. ಡಾಂಗಲ್‌ನ ಒಳಗೇ ಇರುವ ವಾಲ್ಯೂಮನ್ನು ಫೋನ್ ಪೂರ್ತಿ ಏರಿಸದೇ ಇರುವುದೇ ಕಾರಣ. ಆದ್ದರಿಂದ ಆಂಡ್ರಾಯ್ಡ್ ಇದ್ದವರು ಬೇರೆ ಕಂಪನಿಯದನ್ನು ಕೊಳ್ಳುವುದು ಲೇಸು.

ಇನ್ನೊಂದು ಎಚ್ಚರ. ನೂರಿನ್ನೂರು ರೂಪಾಯಿಗೆ ಸಿಗುವ ಸಿ-ಯಿಂದ-3.5 ಕನೆಕ್ಟರ್‌ಗಳಲ್ಲಿ ಕೆಲವದರ ಒಳಗೆ ಡ್ಯಾಕ್ ಚಿಪ್ಪೇ ಇಲ್ಲ, ಬರೀ ತಂತಿ. ಫೋನೇ ಆ ಪೋರ್ಟಿನಿಂದ ಅನಲಾಗ್ ಧ್ವನಿ ಕಳಿಸಿದರೆ ಮಾತ್ರ ಅವು ಹಾಡುತ್ತವೆ. ಐಫೋನ್, ಪಿಕ್ಸೆಲ್ ಮೊದಲಾದವುಗಳಲ್ಲಿ ಸದ್ದೇ ಬರುವುದಿಲ್ಲ. ಡಬ್ಬಿಯ ಮೇಲೆ ಡ್ಯಾಕ್ ಇದೆಯೆಂದು ಸ್ಪಷ್ಟವಾಗಿ ಬರೆದಿರಬೇಕು. ಇನ್ನು ಫೋನಿನಲ್ಲೇ 3.5 ತೂತಿದ್ದು, ಸುಯ್ ಅನ್ನುವ ಸದ್ದಿಲ್ಲದೆ ಸಾಕಷ್ಟು ಜೋರಾಗಿ ಕೇಳುತ್ತಿದ್ದರೆ ಡಾಂಗಲ್ ಕೊಳ್ಳಲೇಬೇಡಿ.

ಬಾಸ್ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದ ಐಇಎಂ ತರಿಸಿದೆ. ನನಗೆ ತಗಡು ಬಡಿದ ಹಾಗೆ ಕೇಳುತ್ತದೆ. ಅದೇ ಸೆಟ್ ನನ್ನ ತಮ್ಮನ ಕಿವಿಯಲ್ಲಿ ಗುಡುಗುತ್ತದೆ. ಕೆಟ್ಟ ಪೀಸ್ ಬಂದಿದೆಯೇ?
— ಓದುಗರು, ಹುಬ್ಬಳ್ಳಿ

ತಮ್ಮನಿಗೆ ಸರಿಯಾಗಿ ಕೇಳುತ್ತಿದೆ ಎಂದರೆ ಪೀಸ್ ಸರಿಯಿದೆ. ನಿಮ್ಮ ಕಿವಿನಾಳಕ್ಕೂ ಟಿಪ್ಪಿಗೂ ನಡುವೆ ಗಾಳಿ ಸೋರುತ್ತಿದೆ. ಐಇಎಂನ ಒಳಗಿನ ಪುಟ್ಟ ಸ್ಪೀಕರ್, ಅಂದರೆ ಡ್ರೈವರ್, ಮಂದ್ರದ ಸ್ವರ ಹುಟ್ಟಿಸುವುದು ಕಿವಿನಾಳದಲ್ಲಿ ಮುಚ್ಚಿಹೋದ ಆ ಚೂರು ಗಾಳಿಯನ್ನು ಒತ್ತಿ, ಎಳೆದು. ಸೂಜಿಮೊನೆಯಷ್ಟು ಸಂದಿಯಿದ್ದರೂ ಆ ಒತ್ತಡ ಹೊರಗೆ ಹೋಗಿಬಿಡುತ್ತದೆ. 50 ಹರ್ಟ್ಸ್ ಹತ್ತಿರ 10 ಡೆಸಿಬೆಲ್‌ಗೂ ಮಿಕ್ಕಿ ಇಳಿದುಹೋಗಬಹುದು. ಮೇಲಿನ ಸ್ವರಗಳಿಗೆ ಅಷ್ಟೇನೂ ಪೆಟ್ಟು ಬೀಳುವುದಿಲ್ಲ, ಹಾಗಾಗಿಯೇ ತಗಡಿನ ಸದ್ದು ಉಳಿಯುತ್ತದೆ. ಈ ನಷ್ಟವನ್ನು ಯಾವ ಡ್ಯಾಕೂ ತುಂಬಿಕೊಡಲಾರದು. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧದ ತೊಂದರೆಯೂ ಇದೇ ಇರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ತಂಬೂರಿ ಶ್ರುತಿಯನ್ನು ಹಾಕಿಕೊಂಡು ಐಇಎಂ ಅನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ ನೋಡಿ. ಮಂದ್ರದ ತಂತಿ ತಟ್ಟನೆ ತುಂಬಿಕೊಂಡು, ಬೆರಳು ತೆಗೆದೊಡನೆ ಬಡಕಲಾದರೆ ಸೋರಿಕೆ ಖಚಿತ. ಇನ್ನೊಂದು ಗುರುತೂ ಇದೆ: ಸೀಲ್ ಕೂತಾಗ ನಿಮ್ಮದೇ ಮಾತು ಮಡಕೆಯೊಳಗೆ ಬಾಯಿಟ್ಟು ಮಾತಾಡಿದಂತೆ ತಲೆಯೊಳಗೆ ಗುಂಯ್ ಎನ್ನುತ್ತದೆ. ಎರಡೂ ಕಡೆ ಸಮನಾಗಿ ಗುಂಯ್ ಎನ್ನಬೇಕು.

ಹಾಕುವ ಕ್ರಮ ಹೀಗೆ. ವೈರನ್ನು ಕಿವಿಯ ಮೇಲಿಂದ ಹಿಂದಕ್ಕೆ ಇಳಿಬಿಡಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲಂಚನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಅಂಕುಡೊಂಕಾದ ಕಿವಿನಾಳ ಆಗ ನೆಟ್ಟಗಾಗುತ್ತದೆ. ಐಇಎಂ ಅನ್ನು ಒಳಗಿಟ್ಟು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಆಮೇಲೆ ಕಿವಿ ಬಿಡಿ. ಫೋಮ್ ಟಿಪ್ಪಾದರೆ ಎರಡು ಬೆರಳಲ್ಲಿ ಹೊಸೆದು ಬತ್ತಿಯ ಹಾಗೆ ತೆಳ್ಳಗೆ ಮಾಡಿ, ಒಳಗಿಟ್ಟು, ಉಬ್ಬಿಕೊಳ್ಳುವವರೆಗೆ ಅರ್ಧ ನಿಮಿಷ ಹಿಡಿದಿರಬೇಕು. ಇಷ್ಟು ಹೊತ್ತು ಕಾಯದೆ ಕೈ ಬಿಟ್ಟರೆ ಅದು ಹೊರಕ್ಕೆ ಜಾರಿಕೊಂಡೇ ಉಬ್ಬುತ್ತದೆ.

ಡಬ್ಬಿಯಲ್ಲಿ ಮಧ್ಯಮ ಸೈಜಿನ ಟಿಪ್ ಮೊದಲೇ ಸಿಕ್ಕಿಸಿ ಬಂದಿರುತ್ತದೆ, ಬಹಳ ಜನ ಅದನ್ನು ಬದಲಾಯಿಸುವುದೇ ಇಲ್ಲ. ಎಲ್ಲ ಸೈಜನ್ನೂ ಹಾಕಿ ನೋಡಿ. ಎಡಕ್ಕೆ ದೊಡ್ಡದು, ಬಲಕ್ಕೆ ಮಧ್ಯಮ ಬೇಕಾದರೆ ಆಶ್ಚರ್ಯಪಡಬೇಡಿ. ಎರಡು ಕಿವಿ ಒಂದೇ ಅಳತೆಯವಲ್ಲ. ಬೇರೆ ಟಿಪ್ ತರಿಸುವ ಮುಂಚೆ ಟಿಪ್ ಸಿಕ್ಕಿಸುವ ಕೊಳವೆಯ, ಅಂದರೆ ನಾಝಲ್‌ನ, ದಪ್ಪ ಅಳೆದುಕೊಳ್ಳಿ. ಸಾಮಾನ್ಯವಾಗಿ 5ರಿಂದ 6 ಮಿ.ಮೀ. ಇರುತ್ತದೆ. ಸಡಿಲವಾದ ಟಿಪ್ ಕಿವಿಯೊಳಗೇ ಉಳಿದುಬಿಡಬಹುದು.

ಹಾಕುವಾಗ ಪಟ್‌ಪಟ್ ಸದ್ದು ಬಂದರೆ ಒಳಗೆ ಸಿಕ್ಕಿಬಿದ್ದ ಗಾಳಿ ಡ್ರೈವರಿನ ಪೊರೆಯನ್ನು ಮಡಿಸುತ್ತಿದೆ ಎಂದರ್ಥ. ಕಿವಿಯನ್ನು ಎಳೆದುಕೊಂಡು ನಿಧಾನವಾಗಿ ಹಾಕಿದರೆ ಕಡಿಮೆಯಾಗುತ್ತದೆ.

ಸದ್ದು ಚೆನ್ನಾಗಿದೆ. ಆದರೆ ಅರ್ಧ ಗಂಟೆಗೆಲ್ಲ ಕಿವಿ ನೋವು.
— ಓದುಗರು, ದಾವಣಗೆರೆ

ನೋವು ಎಲ್ಲಿ ಎಂಬುದನ್ನು ಬೆರಳಿಟ್ಟು ಗುರುತಿಸಿ. ಕಿವಿನಾಳದ ಬಾಯಲ್ಲೇ ಉರಿದರೆ ಟಿಪ್ ದೊಡ್ಡದು ಇಲ್ಲವೇ ಗಡುಸು. ಒಂದು ಸೈಜ್ ಇಳಿಸಿ, ಅಥವಾ ಫೋಮ್ ಹಾಕಿ. ಹೊರಗಿವಿಯ ಬಟ್ಟಲಿನ ಅಂಚಿನಲ್ಲಿ ಒತ್ತುತ್ತಿದ್ದರೆ ಐಇಎಂನ ಹೊರಚಿಪ್ಪೇ ನಿಮ್ಮ ಕಿವಿಗೆ ದೊಡ್ಡದು. ಉದ್ದ ಕಾಂಡದ ಟಿಪ್ ಹಾಕಿದರೆ ಚಿಪ್ಪು ಒಂದೆರಡು ಮಿ.ಮೀ. ಹೊರಗೆ ನಿಂತು ಒತ್ತಡ ಇಳಿಯಬಹುದು. ಅದೂ ಆಗದಿದ್ದರೆ ಆ ಮಾಡೆಲ್ ನಿಮ್ಮದಲ್ಲ, ಎಷ್ಟು ಇಂಪಾಗಿದ್ದರೂ ವಾಪಸ್ ಕೊಡಿ. ಪಟ್ಟಿಯಲ್ಲಿ ಹತ್ತು ಡ್ರೈವರ್ ಎಂದು ಕಂಡೊಡನೆ ಚಿಪ್ಪು ದಪ್ಪಗಿರುತ್ತದೆ ಎಂದೂ ಓದಿಕೊಳ್ಳಬೇಕು. ಸಣ್ಣ ಕಿವಿಯವರಿಗೆ ಒಂದೇ ಡೈನಾಮಿಕ್ ಡ್ರೈವರ್ ಇರುವ ಪುಟ್ಟ ಚಿಪ್ಪು ವಾಸಿ.

ಕಿವಿಯ ಮೇಲ್ತುದಿ, ಕನ್ನಡಕದ ಕಡ್ಡಿ ಕೂರುವ ಜಾಗದಲ್ಲಿ ನೋವಾದರೆ ವೈರಿನ ಬಾಗಿದ ಕೊಕ್ಕೆ ಕಾರಣ. ಬಿಸಿನೀರಿನ ಆವಿ ತಾಕಿಸಿ ಅದನ್ನು ಬಾಗಿಸುವವರಿದ್ದಾರೆ. ನಾವು ಹೇಳುವುದು ಕೊಕ್ಕೆಯಿಲ್ಲದ ಮೆತ್ತನೆಯ ವೈರ್ ಹಾಕಿಕೊಳ್ಳಿ ಎಂದು, ಆವಿ ಕನೆಕ್ಟರ್‌ಗೆ ಹೊಕ್ಕರೆ ಕೆಲಸ ಕೆಡುತ್ತದೆ.

ಎರಡು ಡ್ಯಾಕ್ ಇಟ್ಟುಕೊಂಡು ಹೋಲಿಸುವುದು ಹೇಗೆ? ಒಂದು ದಿನ ಒಂದು ಚೆನ್ನಾಗಿ ಕೇಳುತ್ತದೆ, ಮರುದಿನ ಇನ್ನೊಂದು.
— ಓದುಗರು, ಮೈಸೂರು

ಪ್ರಶ್ನೆಯಲ್ಲೇ ಉತ್ತರ ಇಣುಕುತ್ತಿದೆ. ಒಂದು ಡೆಸಿಬೆಲ್ ಜೋರಾಗಿರುವುದು ನಮ್ಮ ಕಿವಿಗೆ ‘ಜೋರು’ ಎಂದು ತಿಳಿಯುವುದಿಲ್ಲ, ‘ಸ್ಪಷ್ಟ’, ‘ತುಂಬಿದ ಸದ್ದು’ ಎಂದು ತಿಳಿಯುತ್ತದೆ. ಎರಡು ಡಾಂಗಲ್‌ನಲ್ಲಿ ವಾಲ್ಯೂಮ್ ಗೆರೆ ಒಂದೇ ಜಾಗದಲ್ಲಿದ್ದರೂ ಹೊರಬರುವ ವೋಲ್ಟೇಜ್ ಒಂದೇ ಇರುವುದಿಲ್ಲ. ಹಾಗಾಗಿ ಮೊದಲು ಮಟ್ಟ ಸಮ ಮಾಡಬೇಕು, ಕಿವಿಯಿಂದಲ್ಲ, ಮೀಟರಿನಿಂದ.

ಬೇಕಾದದ್ದು: ಒಂದು ಲ್ಯಾಪ್‌ಟಾಪ್, 3.5 ಮಿ.ಮೀ. ಸ್ಪ್ಲಿಟರ್ ಒಂದು, ಎರಡೂ ಕಡೆ 3.5 ಪಿನ್ ಇರುವ ಆಕ್ಸ್ ವೈರ್ ಒಂದು, ಮತ್ತು ಎಸಿಯಲ್ಲಿ 2 ವೋಲ್ಟ್ ರೇಂಜ್ ಇರುವ ಮಲ್ಟಿಮೀಟರ್. ತೀರಾ ಅಗ್ಗದ ಮೀಟರುಗಳಲ್ಲಿ ಎಸಿ ಬರೀ 200 ವೋಲ್ಟ್‌ನಿಂದಲೇ ಶುರು, ಅದು ಪ್ರಯೋಜನಕ್ಕೆ ಬಾರದು. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಕೊಳ್ಳುವಾಗ ಡಯಲ್ ಮೇಲಿನ ರೇಂಜನ್ನು ಕಣ್ಣಾರೆ ಓದಿ.

200 ಹರ್ಟ್ಸ್‌ನ ಟೆಸ್ಟ್ ಟೋನ್ ಹಾಕಿ. ಸಾಧಾರಣ ಮೀಟರುಗಳು 400 ಹರ್ಟ್ಸ್ ದಾಟಿದರೆ ತಪ್ಪು ತೋರಿಸಬಹುದು, ಅದಕ್ಕೇ 200. ಸ್ಪ್ಲಿಟರ್‌ನ ಒಂದು ತೂತಿಗೆ ಐಇಎಂ, ಇನ್ನೊಂದಕ್ಕೆ ಆಕ್ಸ್ ವೈರ್. ಐಇಎಂ ಕಿವಿಯಲ್ಲಿ ಇರಬಾರದು, ಟೋನ್ ಬಹಳ ಜೋರಾಗಿರುತ್ತದೆ. ವೈರಿನ ಇನ್ನೊಂದು ತುದಿಯ ಪಿನ್ನಿನ ಮೊನೆಗೆ ಕೆಂಪು ಕಡ್ಡಿ, ಬುಡದ ಉಂಗುರಕ್ಕೆ ಕಪ್ಪು ಕಡ್ಡಿ ಮುಟ್ಟಿಸಿ. ಮೊನೆ ಎಡಗಡೆಯದು, ಬುಡ ಗ್ರೌಂಡ್. ಕಡ್ಡಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಮೊದಲ ಡ್ಯಾಕ್‌ನಲ್ಲಿ 0.100 ವೋಲ್ಟ್ ಬರುವಷ್ಟು ವಾಲ್ಯೂಮ್ ಇಡಿ, ಎರಡನೆಯದರಲ್ಲೂ ಅಷ್ಟೇ ಬರುವ ಹಾಗೆ ಹೊಂದಿಸಿ. 0.101 ಬಂದರೆ ಅಡ್ಡಿಯಿಲ್ಲ, ಅದು ಡೆಸಿಬೆಲ್‌ನ ಹತ್ತನೇ ಒಂದು ಭಾಗವೂ ಅಲ್ಲ. 0.112 ಬಂದರೆ ಒಂದು ಡೆಸಿಬೆಲ್, ಹೋಲಿಕೆ ಅಲ್ಲಿಗೇ ಕೆಟ್ಟಿತು. ಫೋನಿನ ವಾಲ್ಯೂಮ್ ಮೆಟ್ಟಿಲುಗಳು ದೊಡ್ಡವು. ನೂರು ಮೆಟ್ಟಿಲಿರುವ ಲ್ಯಾಪ್‌ಟಾಪಿನಲ್ಲಿ ಸುಲಭ.

ಆಮೇಲೆ ಮನೆಯವರೊಬ್ಬರು ನಿಮಗೆ ಕಾಣದ ಹಾಗೆ ಡ್ಯಾಕ್ ಬದಲಾಯಿಸುತ್ತಾ ಹೋಗಲಿ. ಪ್ರತಿ ಸಲವೂ, ಡ್ಯಾಕ್ ಅದೇ ಇದ್ದರೂ, ವೈರ್ ಕಿತ್ತು ಮತ್ತೆ ಸಿಕ್ಕಿಸಬೇಕು. ಐಇಎಂ ಮಾತ್ರ ಕಿವಿಯಿಂದ ಅಲುಗಬಾರದು, ಅಲುಗಿದರೆ ಸೀಲ್ ಬದಲಾಗಿ ಅದೇ ದೊಡ್ಡ ವ್ಯತ್ಯಾಸ ಆಗಿಬಿಡುತ್ತದೆ. ಹಾಡಿನ ಅದೇ 15 ಸೆಕೆಂಡ್ ತುಣುಕು ಹಾಕಿಸಿ: ಗಾಯಕರು ಉಸಿರೆಳೆದುಕೊಳ್ಳುವ ಜಾಗ, ಮೃದಂಗದ ಎಡಮುಚ್ಚಿನ ಗುಮ್ಕಿ ಜಾರುವ ಜಾಗ ಒಳ್ಳೆಯದು. 16 ಸಲದಲ್ಲಿ 12 ಸಲ ಸರಿಯಾಗಿ ಗುರುತಿಸಿದರೆ, ಬರೀ ಊಹೆಯಿಂದ ಅಷ್ಟು ಬರುವ ಸಂಭವ ಶೇ 4ಕ್ಕಿಂತ ಕಡಿಮೆ; ನಿಮಗೆ ನಿಜಕ್ಕೂ ವ್ಯತ್ಯಾಸ ಕೇಳುತ್ತಿದೆ ಎನ್ನಬಹುದು. ಎಂಟೊಂಬತ್ತು ಬಂದರೆ ಅಗ್ಗದ್ದನ್ನೇ ಇಟ್ಟುಕೊಳ್ಳಿ.

4.4 ಮಿ.ಮೀ. ಬ್ಯಾಲೆನ್ಸ್ಡ್ ಡಾಂಗಲ್ ಬೇಕೇ ಬೇಕೆಂದು ಅಂಗಡಿಯವರು ಹೇಳುತ್ತಾರೆ.
— ಓದುಗರು, ಬೆಳಗಾವಿ

ಐಇಎಂಗೆ ಬೇಕಿಲ್ಲ. ಬ್ಯಾಲೆನ್ಸ್ಡ್ ಎಂದರೆ ಎಡ, ಬಲಗಳಿಗೆ ಬೇರೆಬೇರೆ ಜೋಡಿ ತಂತಿ, ಹೆಚ್ಚು ವೋಲ್ಟೇಜ್. ಲೆಕ್ಕ ಹಾಕಿ: 32 ಓಮ್, ಒಂದು ಮಿಲಿವ್ಯಾಟ್‌ಗೆ 105 ಡೆಸಿಬೆಲ್ ಎಂದು ಬರೆದಿರುವ ಐಇಎಂ ತೆಗೆದುಕೊಳ್ಳೋಣ. ಒಂದು ವೋಲ್ಟ್ ಕೊಟ್ಟರೆ ಅದಕ್ಕೆ ಸಿಗುವುದು 31 ಮಿಲಿವ್ಯಾಟ್, ಅಂದರೆ 120 ಡೆಸಿಬೆಲ್. ಅಷ್ಟು ಜೋರಾಗಿ ಯಾರೂ ಕೇಳಬಾರದು. ಬ್ಯಾಲೆನ್ಸ್ಡ್ ತೂತಿನ 4 ವೋಲ್ಟ್‌ಗೆ ಇಲ್ಲಿ ಕೆಲಸವೇ ಇಲ್ಲ. ಸೆನ್‌ಹೈಸರ್ ಎಚ್‌ಡಿ 600ರಂಥ 300 ಓಮ್ ಹೆಡ್‌ಫೋನ್ ಬೇರೆ ಮಾತು. ಅದಕ್ಕೆ ಒಂದು ವೋಲ್ಟ್‌ನಲ್ಲಿ 97 ಡೆಸಿಬೆಲ್ ಮಾತ್ರ. ಮೆಲ್ಲಗೆ ರೆಕಾರ್ಡ್ ಆದ ಶಾಸ್ತ್ರೀಯ ಸಂಗೀತದ ಏರು ಜಾಗಗಳಿಗೆ ಹೆಚ್ಚು ವೋಲ್ಟೇಜ್ ಇದ್ದರೆ ಒಳ್ಳೆಯದು.

4.4 ತೂತಿಗೆ ಸಿಕ್ಕಿಸಿ 3.5 ಐಇಎಂ ಹಾಕುವ ಅಡಾಪ್ಟರ್ ಮಾತ್ರ ಬಳಸಬೇಡಿ. ಬ್ಯಾಲೆನ್ಸ್ಡ್ ಆಂಪ್‌ನಲ್ಲಿ ಎಡ, ಬಲಗಳ ಮೈನಸ್ ತಂತಿಗಳಲ್ಲೂ ಸಿಗ್ನಲ್ ಇರುತ್ತದೆ. 3.5 ಪಿನ್ ಅವೆರಡನ್ನೂ ಒಂದು ಮಾಡಿ ಶಾರ್ಟ್ ಮಾಡುತ್ತದೆ, ಆಂಪ್ ಸುಡಬಹುದು. ತಿರುಗಾಮುರುಗಾ, ಅಂದರೆ 4.4 ಪಿನ್ನಿನ ಐಇಎಂ ಅನ್ನು ಅಡಾಪ್ಟರ್ ಮೂಲಕ 3.5 ತೂತಿಗೆ ಹಾಕಿದರೆ ಏನೂ ಆಗದು.

ಹಾಡು ಇಲ್ಲದಾಗಲೂ ‘ಸುಯ್’ ಅನ್ನುತ್ತದೆ. ಜೊತೆಗೆ, ಹಳೆಯ ಆಂಪ್‌ಗೆ ಹಾಕಿದರೆ ಅದೇ ಐಇಎಂನ ಸದ್ದಿನ ಬಣ್ಣವೇ ಬದಲಾಗುತ್ತದೆ.
— ಓದುಗರು, ಪುಣೆ

ಸುಯ್ ಎನ್ನುವುದು ಆಂಪ್‌ನ ಸ್ವಂತ ಸದ್ದು. ಸೂಕ್ಷ್ಮವಾದ ಐಇಎಂ ಅದನ್ನು ಎತ್ತಿ ತೋರಿಸುತ್ತದೆ. ಡಾಂಗಲ್‌ನಲ್ಲಿ ಗೇನ್ ಸ್ವಿಚ್ ಇದ್ದರೆ ಲೋ ಇಡಿ.

ಎರಡನೆಯದಕ್ಕೆ ಕಾರಣ ಆಂಪ್‌ನ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಕರೆಂಟಿಗೆ ಅದರೊಳಗೇ ಇರುವ ತಡೆ. ಹಲವು ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರ್ (ಇದು ಡ್ರೈವರಿನ ಒಂದು ಬಗೆ, ಬ್ಯಾಲೆನ್ಸ್ಡ್ ತೂತಿಗೆ ಸಂಬಂಧವಿಲ್ಲ) ಇರುವ ಐಇಎಂನ ಇಂಪಿಡೆನ್ಸ್ ಒಂದೊಂದು ಸ್ವರಕ್ಕೆ ಒಂದೊಂದು ಥರ. ಒಂದು ಕಡೆ 8 ಓಮ್, ಇನ್ನೊಂದು ಕಡೆ 40 ಓಮ್ ಎಂದಿಟ್ಟುಕೊಳ್ಳಿ. ಆಂಪ್‌ನದು 10 ಓಮ್ ಆದರೆ ಮೊದಲ ಜಾಗದಲ್ಲಿ 7 ಡೆಸಿಬೆಲ್ ಕಳೆಯುತ್ತದೆ, ಎರಡನೆಯದರಲ್ಲಿ 2 ಮಾತ್ರ. ಐದು ಡೆಸಿಬೆಲ್ ಏರುಪೇರು! ಅದೇ ಆಂಪ್‌ನದು 1 ಓಮ್ ಆಗಿದ್ದರೆ ಏರುಪೇರು 0.8 ಡೆಸಿಬೆಲ್‌ಗೆ ಇಳಿಯುತ್ತದೆ. ಐಇಎಂನ ಇಂಪಿಡೆನ್ಸ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರುವ ಆಂಪ್ ನೋಡಿಕೊಳ್ಳಿ. ಡ್ಯಾಕ್ ಚಿಪ್ಪಿನ ಹೆಸರಿಗಿಂತ ಈ ಒಂದು ಅಂಕಿ ಮುಖ್ಯ.

ಡಾಂಗಲ್ ಸಿಕ್ಕಿಸಿದರೂ ಹಾಡು ಫೋನಿನ ಸ್ಪೀಕರಿನಲ್ಲೇ ಬರುತ್ತದೆ.
— ಓದುಗರು, ಹಾಸನ

ಒಪ್ಪೋ, ವಿವೋ, ಒನ್‌ಪ್ಲಸ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ‘ಒಟಿಜಿ’ (ಪೋರ್ಟಿಗೆ ಹೊರಗಿನ ಸಾಧನ ಸಿಕ್ಕಿಸಲು ಬಿಡುವ ಸೌಲಭ್ಯ) ಎಂದು ಹುಡುಕಿ ಆನ್ ಮಾಡಿ. ಸ್ವಲ್ಪ ಹೊತ್ತು ಬಳಸದಿದ್ದರೆ ಅದು ತಾನಾಗಿಯೇ ಆಫ್ ಆಗುವ ಮಾಡೆಲ್‌ಗಳಿವೆ. ಒಟಿಜಿ ಆನ್ ಇದ್ದೂ ನಡುನಡುವೆ ಕಡಿಯುತ್ತಿದ್ದರೆ ಪೋರ್ಟಿನೊಳಗೆ ಜೇಬಿನ ನೂಲಿನ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ತೆಗೆಯಿರಿ, ಸೂಜಿ ಬೇಡ. ಲೈಟ್ನಿಂಗ್ ಪೋರ್ಟಿನ ಹಳೆಯ ಐಫೋನಿಗೆ ಚಾರ್ಜಿಂಗ್ ಕೇಬಲ್ ನಡೆಯುವುದಿಲ್ಲ, ಒಟಿಜಿಗೆಂದೇ ಮಾಡಿದ ಕೇಬಲ್ ಬೇಕು.

ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಮಾತ್ರ ಗುರ್ ಎನ್ನುತ್ತದೆ, ಲೋಹದ ಐಇಎಂ ಕಿವಿಗೆ ಜುಮ್ ಎನಿಸುತ್ತದೆ.
— ಓದುಗರು, ಕಲಬುರಗಿ

ಚಾರ್ಜರಿನಿಂದ ಸೋರುವ ಅತಿ ಸಣ್ಣ ಕರೆಂಟ್ ಅದು. ಭೂಮಿಗೆ ಇಳಿಯಲು ದಾರಿಯಿಲ್ಲದೆ ಯುಎಸ್‌ಬಿ ಗ್ರೌಂಡ್ ಮೂಲಕ ನಿಮ್ಮ ಮೈಗೆ ಬರುತ್ತದೆ. ಮೂರು ಪಿನ್ನಿನ ಚಾರ್ಜರ್ ಹಾಕಿ. ಹಳೆಯ ಮನೆಗಳಲ್ಲಿ ಮೂರನೇ ತೂತಿದ್ದೂ ಅರ್ಥ್ ಇರುವುದಿಲ್ಲ, ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ. ಅಲ್ಲಿಯವರೆಗೆ ಬ್ಯಾಟರಿಯಲ್ಲೇ ಕೇಳಿ.

ಯಕ್ಷಗಾನದ ರೆಕಾರ್ಡಿಂಗ್ ಕೇಳುವಾಗ ಚಂಡೆ ಪೆಟ್ಟು ಕಿವಿಗೆ ಚುಚ್ಚುತ್ತದೆ. ಮೆತ್ತಗಿನ ಡ್ಯಾಕ್ ಯಾವುದು?
— ಓದುಗರು, ಕುಂದಾಪುರ

ಡ್ಯಾಕ್ ಬದಲಾಯಿಸಿ ಇದನ್ನು ಸರಿಮಾಡಲಾಗದು. ಐಇಎಂ ಮತ್ತು ಕಿವಿಯ ಪರದೆಯ ನಡುವೆ ಉಳಿದ ಗಾಳಿಗೆ ತನ್ನದೇ ಒಂದು ಅನುರಣನವಿದೆ, ಹೆಚ್ಚಿನವರಲ್ಲಿ 8,000 ಹರ್ಟ್ಸ್ ಆಸುಪಾಸು. ಚಂಡೆಯ ಸಿಡಿತ ಅದಕ್ಕೆ ಸರಿಯಾಗಿ ಹೋಗಿ ತಾಕುತ್ತದೆ. ಐಇಎಂ ಅನ್ನು ಒಂದೆರಡು ಮಿ.ಮೀ. ಒಳಕ್ಕೆ ಕೂರಿಸಿದರೆ ಆ ಗಾಳಿ ಕಿರಿದಾಗಿ ಅನುರಣನ ಇನ್ನೂ ಮೇಲಕ್ಕೆ ಸರಿಯುತ್ತದೆ, ಚುಚ್ಚುವುದು ಕಡಿಮೆಯಾಗುತ್ತದೆ. ಒಂದು ಸೈಜ್ ಚಿಕ್ಕ ಟಿಪ್ಪಿನಿಂದ ಇದು ಸಾಧ್ಯ, ಸೀಲ್ ಮಾತ್ರ ಬಿಡಬಾರದು.

ಸಾಲದಿದ್ದರೆ ಈಕ್ವಲೈಜರ್. ಕಡಿಮೆ ವಾಲ್ಯೂಮ್‌ನಲ್ಲಿ 5,000ದಿಂದ 10,000 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಟೋನ್ ಹಾಕಿ, ಎಲ್ಲಿ ತಟ್ಟನೆ ಜೋರಾಗುತ್ತದೋ ಆ ಅಂಕಿ ಬರೆದುಕೊಳ್ಳಿ. ಪ್ಯಾರಾಮೆಟ್ರಿಕ್ ಈಕ್ವಲೈಜರ್ ಆ್ಯಪ್‌ನಲ್ಲಿ (ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸುವಂಥದ್ದು) ಅದೇ ಜಾಗದಲ್ಲಿ ಕ್ಯೂ, ಅಂದರೆ ಇಳಿತ ಎಷ್ಟು ಕಿರಿದು ಎಂಬ ಅಂಕಿ, 3 ಇಟ್ಟು 4 ಡೆಸಿಬೆಲ್ ಇಳಿಸಿ. ಭಾಗವತರ ಪದದ ‘ಸ’, ‘ಶ’ಗಳು ಮಂಕಾದರೆ 2ಕ್ಕೆ ತನ್ನಿ. ರಂಗಸ್ಥಳದ ಮೈಕಿನಿಂದಲೇ ಒಡೆದು ಬಂದ ರೆಕಾರ್ಡಿಂಗ್ ಆದರೆ ಈ ಯಾವುದೂ ಪೂರ್ತಿ ವಾಸಿ ಮಾಡದು.

32 ಬಿಟ್, 384 ಕಿಲೋಹರ್ಟ್ಸ್ ಇದ್ದರೆ ಸದ್ದು ಹೆಚ್ಚು ಸ್ವಚ್ಛವೇ?
— ಓದುಗರು, ದುಬೈ

ಕೇಳುವುದಕ್ಕೆ ಇಲ್ಲ. ಸಿಡಿಯ 16 ಬಿಟ್, 44.1 ಕಿಲೋಹರ್ಟ್ಸ್‌ನಲ್ಲೇ ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿನದಕ್ಕೂ ನಡುವಿನ 96 ಡೆಸಿಬೆಲ್ ಅಂತರವೂ ಮನುಷ್ಯರ ಕಿವಿಗೆ ಕೇಳುವ ಎಲ್ಲ ಸ್ವರವೂ ಹಿಡಿಸುತ್ತದೆ.

ಮೆಟ್ರೋದಲ್ಲಿ ದಿನಾ ಎರಡು ಗಂಟೆ ಕೇಳುತ್ತೇನೆ. ಎಷ್ಟು ಜೋರು ಸುರಕ್ಷಿತ?
— ಓದುಗರು, ಬೆಂಗಳೂರು

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ: 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, 90ರಲ್ಲಿ ಬರೀ 4 ಗಂಟೆ. ಹೊರಗಿನ ಗದ್ದಲ ಮುಚ್ಚಲು ವಾಲ್ಯೂಮ್ ಏರಿಸುವ ಬದಲು ಫೋಮ್ ಟಿಪ್ ಹಾಕಿ, ಗದ್ದಲವೇ ಒಳಗೆ ಬರುವುದು ಕಡಿಮೆಯಾಗುತ್ತದೆ. ಮನೆಯ ನಿಶ್ಶಬ್ದದಲ್ಲಿ ಹಿತವೆನಿಸುವ ವಾಲ್ಯೂಮನ್ನು ಗುರುತಿಟ್ಟುಕೊಂಡು ರೈಲಿನಲ್ಲೂ ಅದನ್ನು ದಾಟಬೇಡಿ. ರಸ್ತೆ ದಾಟುವಾಗ ಒಂದು ಕಿವಿಯದನ್ನಾದರೂ ತೆಗೆಯಿರಿ.

ಒಂದು ಕಡೆಯ ಸದ್ದು ಕ್ರಮೇಣ ಸಣ್ಣದಾಗಿದೆ. ಕಿವಿಯಲ್ಲಿ ತುರಿಕೆಯೂ ಇದೆ.
— ಓದುಗರು, ಮಂಗಳೂರು

ಮೊದಲು ವೈರಿನ ಎಡ, ಬಲ ಅದಲುಬದಲು ಮಾಡಿ ಹಾಕಿ. ಸಣ್ಣ ಸದ್ದು ಇನ್ನೊಂದು ಕಡೆಗೆ ಹೋದರೆ ವೈರ್ ಕೆಟ್ಟಿದೆ. 0.78 ಮಿ.ಮೀ.ನ ಎರಡು ಪಿನ್ ಕನೆಕ್ಟರ್‌ಗಳು ಕರಾವಳಿಯ ಉಪ್ಪುಗಾಳಿಗೂ ಬೆವರಿಗೂ ಹಸಿರು ಕಟ್ಟುತ್ತವೆ, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಮರಳಿ ಹಾಕುವಾಗ ಒಂದು ಕಡೆ ಪಿನ್ ತಿರುವುಮುರುವು ಆಗದಿರಲಿ, ಆದರೆ ಗಾಯಕರ ದನಿ ನಡುವೆ ನಿಲ್ಲದೆ ಹರಡಿದಂತೆ ಕೇಳುತ್ತದೆ.

ಸಣ್ಣ ಸದ್ದು ಅದೇ ಚಿಪ್ಪಿನಲ್ಲಿ ಉಳಿದರೆ ನಾಝಲ್ ತುದಿಯ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಹಳದಿ ಗುಗ್ಗೆ ಕಂಡರೆ ಟಿಪ್ ಬಿಚ್ಚಿ, ನಾಝಲ್ ಕೆಳಮುಖ ಮಾಡಿ ಒಣ ಬ್ರಷ್‌ನಿಂದ ತಟ್ಟಿ. ಮೇಲ್ಮುಖ ಹಿಡಿದರೆ ಕೊಳೆ ಒಳಗೇ ಬೀಳುತ್ತದೆ. ಏನೂ ಕಾಣದಿದ್ದರೆ ಜಾಲರಿ ತೇವ ಹಿಡಿದಿರಬಹುದು. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಹೇರ್ ಡ್ರೈಯರ್ ಹಿಡಿಯಬೇಡಿ, ಅಂಟು ಬಿಡುತ್ತದೆ.

ಸಿಲಿಕೋನ್ ಟಿಪ್‌ಗಳನ್ನು ವಾರಕ್ಕೊಮ್ಮೆ ಬಿಚ್ಚಿ ಸೋಪುನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಫೋಮ್ ಬೇಗ ಕೊಳೆ ಹಿಡಿಯುತ್ತದೆ, ಗಡುಸಾದೊಡನೆ ಎಸೆಯಿರಿ. ತಲೆಗೆ ಸ್ನಾನ ಮಾಡಿದ ಮೇಲೆ ಕಿವಿ ಒಣಗುವ ಮುಂಚೆ ಐಇಎಂ ಹಾಕಬೇಡಿ, ಮಳೆಗಾಲದಲ್ಲಿ ಕಿವಿಯ ಶಿಲೀಂಧ್ರಕ್ಕೆ ಅಷ್ಟೇ ಸಾಕು. ತುರಿಕೆ ಈಗಾಗಲೇ ಇದೆ ಎಂದಿದ್ದೀರಿ; ಕಿವಿ ಡಾಕ್ಟರಿಗೆ ತೋರಿಸಿ, ಅವರು ಹೇಳುವವರೆಗೆ ಐಇಎಂ ಡಬ್ಬಿಯಲ್ಲೇ ಇರಲಿ. ವಾಸಿಯಾದ ಮೇಲೆ ಹಳೆಯ ಟಿಪ್‌ಗಳನ್ನು ಮತ್ತೆ ಹಾಕಬೇಡಿ, ಹೊಸ ಜೊತೆ ತನ್ನಿ.